ಜಾತ್ರೆಯ ರಂಗದ ಮೇಲೆ ಪುರಾಣ ಮತ್ತು ನಗೆ

ಜಾತ್ರೆ ಎಂದರೆ ಪಲ್ಲಕ್ಕಿ, ಅಭಿಷೇಕ, ಮಹಾಪ್ರಸಾದ, ಕುಸ್ತಿ. ಇವೆಲ್ಲ ಮುಗಿದು ಕತ್ತಲಾದ ಮೇಲೆ ನಾಟಕ. ಹಿರಣ್ಯಕೇಶಿ ಹರಿಯುವ ಈ ಗಡಹಿಂಗ್ಲಜ ಸೀಮೆಯಲ್ಲಿಯೂ, ಹೊಳೆ ಇಳಿದು ಹೋಗುವ ಸಂಕೇಶ್ವರ, ಹುಕ್ಕೇರಿ, ಗೋಕಾಕದ ಕಡೆಗೂ ಇದೇ ರೂಢಿ. ಇಂಥ ವರ್ಷ ಮಳೆ ಎಷ್ಟಾಯಿತು, ಜೋಳದ ದರ ಎಷ್ಟಿತ್ತು ಎಂಬುದು ಮರೆತ ಹಿರಿಯರು ಸಹ ಆ ವರ್ಷದ ಜಾತ್ರೆಯಲ್ಲಿ ಯಾವ ನಾಟಕ ಆಯಿತು, ಭೀಮನ ಪಾತ್ರ ಯಾರು ಮಾಡಿದರು, ಹಾಸ್ಯಪಾತ್ರದವನು ಯಾವ ಮಾತಿಗೆ ಜನರನ್ನು ನಗಿಸಿದನು ಎಂಬುದನ್ನು ತಪ್ಪಿಲ್ಲದೆ ಹೇಳುವುದುಂಟು.

ಆದರೆ ಉತ್ಸವ ಸಮಿತಿಗಳ ಸಭೆ ಕೂಡಿದಾಗ ಒಂದು ಚರ್ಚೆ ಎಲ್ಲ ಊರುಗಳಲ್ಲಿಯೂ ಬರುತ್ತದೆ. ದೇವರ ಸನ್ನಿಧಿಯಲ್ಲಿ ಪೌರಾಣಿಕ ನಾಟಕವಾದರೆ ಯೋಗ್ಯ, ಹಾಸ್ಯ ನಾಟಕಕ್ಕೆ ಗುಡಿಯ ಮುಂದೆ ಏನು ಕೆಲಸ ಎಂಬುದು ಕೆಲವರ ಆಕ್ಷೇಪಣೆ. ಬರೇ ಪುರಾಣ ಇಟ್ಟರೆ ಹನ್ನೆರಡು ಗಂಟೆಯೊಳಗೆ ಮಂದಿ ಎದ್ದು ಹೋಗುತ್ತದೆ, ಪಟ್ಟಿ ಕೊಟ್ಟವರಿಗೆ ಏನು ಉತ್ತರ ಕೊಡುವುದು ಎಂಬುದು ಇನ್ನೊಂದು ಪಕ್ಷದವರ ಮಾತು. ಎರಡೂ ಕಡೆಯವರು ಸದ್ಭಕ್ತರೇ. ಈ ಭಾಗದ ನಾಟಕದ ಇತಿಹಾಸವನ್ನು ಒಮ್ಮೆ ತಿರುವಿ ಹಾಕಿದರೆ ಈ ಚರ್ಚೆಗೆ ಬೇಕಾದ ಸಂಗತಿಗಳು ಅಲ್ಲಿಯೇ ಸಿಗುತ್ತವೆ. ಅದಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ನೂಲವನ್ನು ನಡುವಿಟ್ಟು ನೋಡಿದರೆ ಉತ್ತರಕ್ಕೆ ಸಾಂಗ್ಲಿ, ವಾಯವ್ಯಕ್ಕೆ ಕೊಲ್ಹಾಪುರ, ದಕ್ಷಿಣಕ್ಕೆ ಬೆಳಗಾವಿ, ಆಗ್ನೇಯಕ್ಕೆ ಗೋಕಾಕ. ಕನ್ನಡ ಮತ್ತು ಮರಾಠಿ ನಾಟಕಗಳೆರಡೂ ಹುಟ್ಟಿ ಬೆಳೆದ ಅಂಗಳವೇ ಇದು.

ಮೊದಲು ಸಾಂಗ್ಲಿಯ ಸಂಗತಿ. 1842ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಹತ್ತಿರ ಇರುವ ಕರ್ಕಿ ಗ್ರಾಮದ ಯಕ್ಷಗಾನದ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಗೆ ಬಂದಿತು. ಆಗಿನ ಸಂಸ್ಥಾನಿಕರಾದ ಚಿಂತಾಮಣರಾವ ಪಟವರ್ಧನರು ಆ ಕನ್ನಡ ಆಟವನ್ನು ನೋಡಿ ಸಂತೋಷಪಟ್ಟು, ಇಂಥದೇ ಆಟವನ್ನು ಮರಾಠಿಯಲ್ಲಿ ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಟ್ಟರು. ಮರುವರ್ಷ, 1843ರಲ್ಲಿ, ಭಾವೆಯವರು ‘ಸೀತಾ ಸ್ವಯಂವರ’ವನ್ನು ರಂಗದ ಮೇಲೆ ತಂದರು. ಮರಾಠಿ ನಾಟಕದ ಆರಂಭವೆಂದು ಇದನ್ನೇ ಎಣಿಸಿ ಮಹಾರಾಷ್ಟ್ರದಲ್ಲಿ ಪ್ರತಿವರ್ಷ ನವೆಂಬರ್ 5ರಂದು ರಂಗಭೂಮಿ ದಿನ ಆಚರಿಸುತ್ತಾರೆ. ಕನ್ನಡದ ಬಯಲಾಟದಿಂದ ಮರಾಠಿ ರಂಗಭೂಮಿಗೆ ದೀಪ ಹೊತ್ತಿತು ಎಂಬುದನ್ನು ಮರಾಠಿ ಇತಿಹಾಸಕಾರರೇ ಬರೆದು ಇಟ್ಟಿದ್ದಾರೆ.

ಕರ್ಕಿಯ ಯಕ್ಷಗಾನದಲ್ಲಿ ತಲೆಮಾರುಗಳಿಂದ ಹೆಸರಾದ ಮನೆತನದ ಅಡ್ಡಹೆಸರೇ ‘ಹಾಸ್ಯಗಾರ’ ಎಂಬುದನ್ನು ಇಲ್ಲಿ ಗಮನಿಸಬೇಕು. ಯಕ್ಷಗಾನದಲ್ಲಿ ರಾಮ, ಕೃಷ್ಣ, ರಾವಣರಿಗೆ ಎಷ್ಟು ಮಾನವೋ ಹಾಸ್ಯದವನಿಗೂ ಅಷ್ಟೇ ಮಾನ. ಅವನು ದೂತನಾಗುತ್ತಾನೆ, ಅಂಬಿಗನಾಗುತ್ತಾನೆ, ಮುದುಕಿಯಾಗುತ್ತಾನೆ. ದೇವತೆಗಳ ಸಂಸ್ಕೃತ ತುಂಬಿದ ಮಾತನ್ನು ನೆಲದ ಮೇಲೆ ಕುಳಿತ ಮಂದಿಗೆ ತಿಳಿಯುವ ಮಾತಿನಲ್ಲಿ ತಿರುಗಿಸಿ ಹೇಳುವವನು ಅವನೇ.

ಭಾವೆಯವರ ನಾಟಕದಲ್ಲಿಯೂ ಹಾಗೆಯೇ ಆಯಿತು. ಮೊದಲು ಸೂತ್ರಧಾರನು ಮಂಗಲಪದ ಹಾಡುತ್ತಿದ್ದನು. ಅವನ ಹಿಂದೆಯೇ ಸೊಪ್ಪು ಕಟ್ಟಿಕೊಂಡು ವಿದೂಷಕನು ಕುಣಿಯುತ್ತ ಬರುತ್ತಿದ್ದನು. ಅವನು ಸೂತ್ರಧಾರನನ್ನು ಚೇಷ್ಟೆ ಮಾಡಿ ಮಂದಿಯನ್ನು ನಗಿಸಿದ ಮೇಲೆಯೇ ವಿಘ್ನೇಶ್ವರನ ಪ್ರವೇಶ, ನಂತರ ನವಿಲಿನ ಮೇಲೆ ಶಾರದೆಯ ಪ್ರವೇಶ. ಅಂದರೆ ಗಣಪತಿಗಿಂತ ಮುಂಚೆ ರಂಗದ ಮೇಲೆ ನಗೆಗಾರ ಬಂದು ನಿಂತಿರುತ್ತಿದ್ದ. ದೇವರ ಮುಂದೆ ನಗೆ ಸಲ್ಲದು ಎನ್ನುವವರು ಇದನ್ನು ಯೋಚಿಸಬೇಕು. ರಾಕ್ಷಸರು ಮಾತ್ರ ಬಾಯಿ ತೆರೆದು ಆರ್ಭಟಿಸುತ್ತ, ಕತ್ತಿ ಬೀಸುತ್ತ ಬರುತ್ತಿದ್ದರು. ಆ ಕೂಗಾಟದಿಂದಾಗಿ ಮುಂದಿನ ಕಾಲದ ಓದಿದವರು ಆ ನಾಟಕಗಳಿಗೆ ‘ಅಲಲಡುರ್ರ್’ ನಾಟಕಗಳೆಂದು ಹಾಸ್ಯದ ಹೆಸರಿಟ್ಟರು. ಹೆಸರಿಟ್ಟವರ ಅಜ್ಜಂದಿರು ಅದನ್ನೇ ಬೆಳತನಕ ಕುಳಿತು ನೋಡಿದ್ದರು ಎನ್ನುವುದು ಬೇರೆ ಮಾತು.

1851ರಲ್ಲಿ ಚಿಂತಾಮಣರಾವ ಪಟವರ್ಧನರು ಕಾಲವಾದರು. ಅವರ ನಂತರ ದರಬಾರದಿಂದ ಬರುತ್ತಿದ್ದ ಸಹಾಯ ನಿಂತಿತು. ನಟರು, ವೇಷಭೂಷಣ, ವಾದ್ಯದವರು ಇವರನ್ನೆಲ್ಲ ಕಟ್ಟಿಕೊಂಡು ಭಾವೆಯವರು ಊರೂರು ತಿರುಗಬೇಕಾಯಿತು. 1853ರಲ್ಲಿ ಮುಂಬಯಿಗೆ ಹೋಗಿ ಅಲ್ಲಿ ಟಿಕೇಟಿಟ್ಟು ಆಡಿದರು. ರಾಜಾಶ್ರಯ ಹೋಗಿ ಟಿಕೇಟಿನ ಕಾಲ ಬಂದದ್ದು ಹೀಗೆ. ಟಿಕೇಟು ಕೊಂಡ ಮನುಷ್ಯನಿಗೆ ಆಯ್ಕೆ ಇರುತ್ತದೆ. ರಾಜನ ಮುಂದೆ ಒಂದೇ ನಾಟಕವನ್ನು ಹತ್ತು ಸಲ ಆಡಬಹುದು, ದುಡ್ಡು ಕೊಟ್ಟವನ ಮುಂದೆ ಆಗುವುದಿಲ್ಲ. ಆದ್ದರಿಂದ ಪೌರಾಣಿಕ ನಾಟಕ ಮುಗಿದ ಮೇಲೆ ಒಂದು ಸಣ್ಣ ‘ಫಾರ್ಸ್’, ಅಂದರೆ ಪ್ರಹಸನ, ಜೋಡಿಸುವ ಪದ್ಧತಿ ಮರಾಠಿ ಕಂಪನಿಗಳಲ್ಲಿ ಬಂದಿತು. ಅಂಗಡಿಯಲ್ಲಿ ಒಂದು ಸೇರು ಸಕ್ಕರೆ ಕೊಂಡ ಗಿರಾಕಿಯ ಮಗುವಿನ ಕೈಯಲ್ಲಿ ಬೆಲ್ಲದ ಚೂರು ಇಡುವಂತೆ ಇದು ಮೊದಲು ಕೊಸರು ಆಗಿತ್ತು. ಬರಬರುತ್ತ ಕೊಸರಿಗಾಗಿಯೇ ಗಿರಾಕಿ ಬರುವಂತಾಯಿತು.

ಇನ್ನು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಗುರ್ಲಹೊಸೂರು. ಮಲಪ್ರಭೆಯ ದಂಡೆಯ ಈ ಕನ್ನಡ ಊರಿನಲ್ಲಿ 1843ರಲ್ಲಿ, ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ವಾದ ವರ್ಷದಲ್ಲಿಯೇ, ಬಳವಂತ ಪಾಂಡುರಂಗ ಕಿರ್ಲೋಸ್ಕರ ಹುಟ್ಟಿದರು. ಜನ ಅವರನ್ನು ಅಣ್ಣಾಸಾಹೇಬ ಕಿರ್ಲೋಸ್ಕರ ಎಂದೇ ಬಲ್ಲರು. ಬೆಳಗಾವಿಯಲ್ಲಿ ಶಿಕ್ಷಕರಾಗಿಯೂ ಸರಕಾರಿ ಕಚೇರಿಯಲ್ಲಿಯೂ ಕೆಲಸ ಮಾಡಿದ ಇವರು ಕಾಳಿದಾಸನ ‘ಶಾಕುಂತಲ’ವನ್ನು ಮರಾಠಿ ಸಂಗೀತ ನಾಟಕವನ್ನಾಗಿ ಮಾಡಿ 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಆಡಿಸಿದರು. ಮರಾಠಿ ಸಂಗೀತ ರಂಗಭೂಮಿಗೆ ಅಡಿಗಲ್ಲು ಬಿದ್ದದ್ದು ಆ ದಿನ. ಅದರ ಹಾಡುಗಳ ಮಟ್ಟುಗಳಲ್ಲಿ ಕರ್ನಾಟಕದ ಮಟ್ಟುಗಳೂ ಸೇರಿದ್ದವು. ಕನ್ನಡದಲ್ಲಿ ಚುರಮುರಿ ಶೇಷಗಿರಿರಾಯರು ಅದೇ ಶಾಕುಂತಲವನ್ನು ಜನರ ಹಾಡಿನ ಧಾಟಿಯಲ್ಲಿ 1869ರಷ್ಟು ಹಿಂದೆಯೇ ಬರೆದಿದ್ದರು ಎಂಬುದನ್ನೂ ಇಲ್ಲಿ ಸ್ಮರಿಸಬೇಕು.

ಶಾಕುಂತಲದಲ್ಲಿ ದುಷ್ಯಂತನ ಗೆಳೆಯ ವಿದೂಷಕ ಮಾಧವ್ಯನಿದ್ದಾನೆ. ಬೇಟೆಯಿಂದ ಮೈ ನೋವಾಗಿ ಕೋಲೂರಿ ಗೊಣಗುವ ಅವನನ್ನು ಕಾಳಿದಾಸನೇ ಇಟ್ಟಿದ್ದಾನೆ, ಕಂಪನಿಯವರು ಸೇರಿಸಿದ್ದಲ್ಲ. ಕಿರ್ಲೋಸ್ಕರರ ಮುಂದಿನ ನಾಟಕ ‘ಸೌಭದ್ರ’, 1882ರದು. ಇದು ಮಹಾಭಾರತದ ಕಥೆ ಹೌದು, ಆದರೆ ನೋಡಿದರೆ ಒಳ್ಳೆಯ ಹಾಸ್ಯ ನಾಟಕ. ಅರ್ಜುನ ಸನ್ಯಾಸಿಯ ವೇಷ ಹಾಕಿ ದ್ವಾರಕೆಗೆ ಬರುತ್ತಾನೆ. ಭೋಳೇ ಸ್ವಭಾವದ ಬಲರಾಮ ಅವನಿಗೆ ಅಡ್ಡಬಿದ್ದು ತಂಗಿ ಸುಭದ್ರೆಯನ್ನೇ ಸೇವೆಗೆ ಕಳಿಸುತ್ತಾನೆ. ಶ್ರೀಕೃಷ್ಣ ಎಲ್ಲ ಬಲ್ಲವನಾಗಿ ಬಾಯಿ ಮುಚ್ಚಿಕೊಂಡು ನಗುತ್ತಾನೆ. ಭಕ್ತಿಯೂ ಅಲ್ಲಿದೆ, ನಗೆಯೂ ಅಲ್ಲಿದೆ, ಒಂದರಿಂದ ಇನ್ನೊಂದನ್ನು ಕಿತ್ತು ತೆಗೆಯಲಿಕ್ಕಾಗುವುದಿಲ್ಲ. 1885ರಲ್ಲಿ ಅಣ್ಣಾಸಾಹೇಬರು ತೀರಿಕೊಂಡದ್ದು ಗುರ್ಲಹೊಸೂರಿನಲ್ಲಿಯೇ.

ಹೀಗೆ ಸಾಂಗ್ಲಿ, ಪುಣೆಯ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ ಬಂದಾಗ ಕನ್ನಡದ ಜನ ಮುಗಿಬಿದ್ದು ನೋಡಿದರು. ಇದನ್ನು ಕಂಡು ಮನಸ್ಸಿಗೆ ಹಚ್ಚಿಕೊಂಡವರು ಸಕ್ಕರಿ ಬಾಳಾಚಾರ್ಯರು. ‘ಶಾಂತಕವಿ’ ಎಂದು ಹೆಸರಾದ ಇವರ ಕಾಲ 1856ರಿಂದ 1920. ಶಾಲಾ ಶಿಕ್ಷಕರಾಗಿದ್ದ ಇವರು ಕನ್ನಡಿಗರಿಗೆ ಕನ್ನಡದಲ್ಲಿಯೇ ನಾಟಕ ಬೇಕೆಂದು ‘ಉಷಾಹರಣ’ ಬರೆದು, 1870ರ ದಶಕದಲ್ಲಿ ಗದಗಿನಲ್ಲಿ ಮಂಡಳಿ ಕಟ್ಟಿದರು. ಮಂಡಳಿಯ ಹೆಸರಿನಲ್ಲಿ ಗದಗಿನ ಆರಾಧ್ಯದೈವ ವೀರನಾರಾಯಣನ ಹೆಸರೂ ಸೇರಿತ್ತು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳ ಮೊದಲ ಹೆಜ್ಜೆ ಇದು. ಕರ್ಕಿಯಿಂದ ಸಾಂಗ್ಲಿಗೆ ಉದ್ರಿ ಹೋದ ಮಾಲು ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬಡ್ಡಿ ಸಹಿತ ಗದಗಿಗೆ ತಿರುಗಿ ಬಂದಿತು. ಈ ಲೆಕ್ಕದಲ್ಲಿ ಯಾರು ಯಾರಿಗೆ ಎಷ್ಟು ಬಾಕಿ ಎಂದು ಜಗಳ ತೆಗೆಯುವವರು ಗಡಿಯ ಎರಡೂ ಕಡೆ ಇದ್ದಾರೆ. ಖಾತೆ ತೆರೆದು ನೋಡಿದರೆ ಜಮಾ ಮತ್ತು ಖರ್ಚು ಎರಡೂ ಕಡೆ ಸರಿಸಮ ಇವೆ.

ಓದಿದವರ ನಾಟಕದ ಮಾತಾಯಿತು. ಹಳ್ಳಿಯ ಜನ ಇದಕ್ಕಾಗಿ ಕಾದು ಕುಳಿತಿರಲಿಲ್ಲ. ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನವರು ಅಪರಾಳ ತಮ್ಮಣ್ಣನವರ ಹಾಡುಗಬ್ಬವನ್ನು ಬೆಳೆಸಿ ಆಟಕ್ಕೆ ತಂದ ‘ಶ್ರೀಕೃಷ್ಣ ಪಾರಿಜಾತ’ ಗೋಕಾಕ, ಚಿಕ್ಕೋಡಿ, ಜಮಖಂಡಿಯ ಕಡೆ ಮನೆಮಾತಾಗಿದೆ. ನಾರದ ತಂದ ಒಂದು ಹೂವು, ಅದನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟದ್ದು, ಸತ್ಯಭಾಮೆಯ ಮುನಿಸು, ಇಷ್ಟೇ ಕಥೆ. ಇದನ್ನು ರಾತ್ರಿಯೆಲ್ಲ ನಡೆಸುವುದು ಭಾಗವತ ಮತ್ತು ದೂತಿಯ ಮಾತಿನ ಬಲದಿಂದ. ಸತ್ಯಭಾಮೆ ಅಳುತ್ತ ಕುಳಿತಾಗ ದೂತಿ ಆಡುವ ಮಾತಿನಲ್ಲಿ ನೆರೆಮನೆಯ ಸವತಿಯರ ಜಗಳವೆಲ್ಲ ಬಂದುಬಿಡುತ್ತದೆ. ಸಾಕ್ಷಾತ್ ಪರಮಾತ್ಮ ಕೊರವಂಜಿಯ ವೇಷದಲ್ಲಿ ಬಂದು ಹೆಂಡತಿಯ ಕೈ ನೋಡಿ ಶಕುನ ಹೇಳುತ್ತಾನೆ. ಇದನ್ನು ನೋಡಿ ನಕ್ಕ ತಾಯಂದಿರು ಕೊನೆಗೆ ಮಂಗಳಾರತಿಯ ಹೊತ್ತಿಗೆ ಅದೇ ವೇಷದ ಕೃಷ್ಣನಿಗೆ ಕೈ ಮುಗಿದು ಕಾಣಿಕೆ ಹಾಕುತ್ತಾರೆ. ಅವರಿಗೆ ಇದರಲ್ಲಿ ಯಾವ ವಿರೋಧವೂ ಕಂಡಿಲ್ಲ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಈ ಆಟವನ್ನು ಆಡಿ ನಾಡಿಗೆಲ್ಲ ಪರಿಚಯ ಮಾಡಿಕೊಟ್ಟರು.

ನಗೆ ಎಂದರೆ ಬರೇ ಹೊತ್ತು ಕಳೆಯುವ ಸಾಧನವೆಂದು ತಿಳಿದವರಿಗೆ ಎರಡು ನಾಟಕಗಳ ಹೆಸರು ಹೇಳಬೇಕು. ಮೊದಲನೆಯದು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’. 1887ರಲ್ಲಿ ಇದನ್ನು ಬರೆದ ಸೂರಿ ವೆಂಕಟರಮಣ ಶಾಸ್ತ್ರಿಗಳೂ ಕರ್ಕಿಯವರೇ. ಅವರ ಸಮಾಜದಲ್ಲಿ ಆಗ ಹೆಣ್ಣುಮಕ್ಕಳನ್ನು ಹಣ ಎಣಿಸಿಕೊಂಡು ವಯಸ್ಸಾದವರಿಗೆ ಕೊಡುವ ಕನ್ಯಾವಿಕ್ರಯದ ಪದ್ಧತಿ ಇತ್ತು. ಶಾಸ್ತ್ರಿಗಳು ಅದನ್ನು ತಮ್ಮ ಮನೆಮಾತಿನಲ್ಲಿಯೇ, ನಗೆ ಉಕ್ಕುವಂತೆ ಬರೆದರು. ಓದಿದವರು ನಕ್ಕರು, ನಗುತ್ತ ನಗುತ್ತ ತಮ್ಮ ಮನೆಯ ಕಡೆಗೇ ನೋಡಿಕೊಳ್ಳಬೇಕಾಯಿತು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಇದನ್ನು ವಿದ್ವಾಂಸರು ಗಣಿಸುತ್ತಾರೆ.

ಎರಡನೆಯದು ಸಾಂಗ್ಲಿಯ ಹತ್ತಿರದ ಹರಿಪುರದ ಗೋವಿಂದ ಬಲ್ಲಾಳ ದೇವಲರ ‘ಶಾರದಾ’. ಕೃಷ್ಣಾ ಮತ್ತು ವಾರಣಾ ಸಂಗಮದ ಆ ಕ್ಷೇತ್ರದಲ್ಲಿ ಹುಟ್ಟಿದ ದೇವಲರು ಕಿರ್ಲೋಸ್ಕರರ ಶಿಷ್ಯರು. 1899ರ ಈ ನಾಟಕದಲ್ಲಿ ಹಲ್ಲು ಬಿದ್ದ ಶ್ರೀಮಂತ ಮುದುಕ ಭುಜಂಗನಾಥ ಎಳೆಯ ಹುಡುಗಿ ಶಾರದೆಯನ್ನು ಮದುವೆಯಾಗಲು ಹೊರಡುತ್ತಾನೆ. ತಂದೆಯೇ ಹಣದಾಸೆಗೆ ಅವಳನ್ನು ಒಪ್ಪಿಸುತ್ತಾನೆ. ಮುದುಕ ಮದುಮಗನಾಗಿ ಸಿಂಗರಿಸಿಕೊಳ್ಳುವ ಸೊಬಗಿಗೆ ಮಂದಿ ಹೊಟ್ಟೆ ಹಿಡಿದು ನಗುತ್ತಿತ್ತು, ಶಾರದೆ ನದಿಗೆ ಬೀಳಲು ಹೋದಾಗ ಅದೇ ಮಂದಿ ಅಳುತ್ತಿತ್ತು. ನಾಟಕ ನೋಡಿದ ಮೇಲೆ ಮುದುಕರಿಗೆ ಹೆಣ್ಣು ಕೇಳಲು ಹೋಗಲಿಕ್ಕೆ ನಾಚಿಕೆಯಾಯಿತೆಂದು ಹೇಳುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. 1929ರ ಬಾಲ್ಯವಿವಾಹ ನಿರ್ಬಂಧ ಕಾಯ್ದೆಗೆ ಜನ ‘ಶಾರದಾ ಕಾಯ್ದೆ’ ಎನ್ನುವುದರಿಂದ ಈ ನಾಟಕದಿಂದಲೇ ಅದಕ್ಕೆ ಆ ಹೆಸರು ಬಂತೆಂದು ಈ ಭಾಗದಲ್ಲಿ ಹಲವರು ನಂಬಿದ್ದಾರೆ. ಹಾಗಲ್ಲ, ಆ ಮಸೂದೆ ತಂದವರು ಅಜಮೇರದ ಹರಬಿಲಾಸ ಸಾರಡಾ ಎಂಬವರು. ಹೆಸರಿನ ಹೋಲಿಕೆ ಕಾಕತಾಳೀಯ. ಆದರೂ ಜನರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ನಾಟಕ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಸಾಕ್ಷಿ. ಇದೇ ದೇವಲರು ಕೊನೆಗೆ ಬರೆದ ‘ಸಂಶಯಕಲ್ಲೋಳ’ ಅಪ್ಪಟ ಹಾಸ್ಯ ನಾಟಕ. ಅದರ ಮೂಲ ಫ್ರಾನ್ಸ್ ದೇಶದ ಮೋಲಿಯೇರನದು, ಇಂಗ್ಲಿಷಿನ ಮೂಲಕ ಹರಿಪುರಕ್ಕೆ ಬಂದದ್ದು. ಸಂಶಯದ ಗಂಡ, ಸಂಶಯದ ಹೆಂಡತಿ ಎಲ್ಲ ದೇಶದಲ್ಲಿಯೂ ಇದ್ದಾರೆಂದಾಯಿತು.

ಪೌರಾಣಿಕ ನಾಟಕವೂ ಬರೇ ಹಳೆಯ ಕಥೆಯಲ್ಲ. ಸಾಂಗ್ಲಿಯವರೇ ಆದ ಕೃಷ್ಣಾಜಿ ಪ್ರಭಾಕರ ಖಾಡಿಲಕರರು 1907ರಲ್ಲಿ ಬರೆದ ‘ಕೀಚಕವಧ’ದಲ್ಲಿ ದ್ರೌಪದಿಯನ್ನು ಕಾಡುವ ಕೀಚಕನೆಂದರೆ ಲಾರ್ಡ್ ಕರ್ಜನ್ ಎಂಬುದು ಮಂದಿಗೆ ತಿಳಿಯಿತು. ಸರಕಾರಕ್ಕೂ ತಿಳಿಯಿತು. 1910ರಲ್ಲಿ ನಾಟಕಕ್ಕೆ ಬಂದಿ ಬಿದ್ದಿತು.

ಕೊಲ್ಹಾಪುರದ ಹೆಸರನ್ನು ಬೆಳಗಿಸಿದ ಕೇಶವರಾವ ಭೋಸಲೆಯವರು ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು ಸ್ಥಾಪಿಸಿದ್ದು 1908ರ ಜನವರಿ 1ರಂದು, ಕನ್ನಡದ ಹುಬ್ಬಳ್ಳಿಯಲ್ಲಿ. ಅವರಿಗೆ ಆಗ ಇನ್ನೂ ಹದಿನೆಂಟು ತುಂಬಿರಲಿಲ್ಲ. ಅತ್ತ ಬಾಗಲಕೋಟೆ ಕಡೆಯ ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ ಕರ್ನಾಟಕಿಯವರು 1930ರ ದಶಕದ ಕೊನೆಗೆ ಬಾಲಗಂಧರ್ವರ ಮಂಡಳಿಯನ್ನು ಸೇರಿ ಮರಾಠಿ ರಂಗದ ಮೇಲೆ ನಾಯಕಿಯಾಗಿ ಹಾಡಿದರು. ನಾಟಕದವರಿಗೆ ಗಡಿ ಎಂಬುದು ಟಾಂಗಾ ಬದಲಿಸುವ ಜಾಗ ಮಾತ್ರ ಆಗಿತ್ತು. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು, 1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾಯಿತು, 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಅಲ್ಲಿಂದ ಮುಂದೆ ಗಡಿಭಾಗದ ಅನೇಕ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡ, ಮಕ್ಕಳ ಪಾಟಿಯ ಮೇಲಿನ ಅಕ್ಷರ ಮರಾಠಿ. ಇಂಥ ಮನೆಯ ಮಗುವಿಗೆ ಕನ್ನಡವನ್ನು ಮೂರು ನಾಲ್ಕು ತಾಸು ಒಂದೇ ಸಮನೆ, ರಾಗವಾಗಿ, ಗಂಭೀರವಾಗಿ, ನಗೆಯಾಡುತ್ತ ಕೇಳುವ ಪ್ರಸಂಗ ವರ್ಷದಲ್ಲಿ ಎಷ್ಟು ಸಲ ಬರುತ್ತದೆ? ಗುಡಿಯಲ್ಲಿ ಪುರಾಣ ಹೇಳುವಾಗ ಒಮ್ಮೆ, ಜಾತ್ರೆಯ ನಾಟಕದಲ್ಲಿ ಒಮ್ಮೆ. ಪುರಾಣಕ್ಕೆ ಮಕ್ಕಳು ಕೂಡ್ರುವುದಿಲ್ಲ. ನಾಟಕಕ್ಕೆ ಮುಂದಿನ ಸಾಲು ಹಿಡಿಯುವವರೇ ಅವರು, ಅದೂ ಹಾಸ್ಯಪಾತ್ರದವನು ಬರುವನೆಂದು.

ದೇವಸ್ಥಾನಕ್ಕೂ ಕಂಪನಿಗಳಿಗೂ ಇದ್ದ ಸಂಬಂಧ ಅವುಗಳ ಹೆಸರುಗಳಲ್ಲಿಯೇ ಇದೆ. ಶಿರಹಟ್ಟಿಯ ಮಂಡಳಿ ಮಹಾಲಕ್ಷ್ಮಿಯ ಹೆಸರಿನದು, ಗರುಡ ಸದಾಶಿವರಾಯರದು ದತ್ತಾತ್ರೇಯನ ಹೆಸರಿನದು, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಚನ್ನಬಸವೇಶ್ವರ ಕೃಪಾಪೋಷಿತ. ಈ ಗುಬ್ಬಿ ಕಂಪನಿಯ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದವರು. ಆದರೆ ಸ್ವತಃ ಅವರು ಹಾಸ್ಯನಟರು, ‘ಸದಾರಮೆ’ಯ ಕಳ್ಳನ ಪಾತ್ರ ಅವರಿಗೆ ಹೆಸರು ತಂದಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆ ಇನ್ನೂ ದೊಡ್ಡದು. ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸಿ ಅನ್ನ ಹಾಕುವ ಆ ಆಶ್ರಮದ ಖರ್ಚಿಗಾಗಿ ಗವಾಯಿಗಳು ನಾಟಕ ಕಂಪನಿಯನ್ನೇ ನಡೆಸಿದರು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ತಾವೇ ಕಣ್ಣಿಲ್ಲದವರಾಗಿದ್ದು ನಾಟಕಗಳನ್ನು ರಚಿಸಿದರು, ಸಂಗೀತ ಕೂಡಿಸಿದರು. ಟಿಕೇಟಿನ ದುಡ್ಡು ಮಕ್ಕಳ ಊಟದ ತಾಟಿಗೆ ಹೋಯಿತು. ನಾಟಕದ ಹಣ ಪವಿತ್ರವೋ ಅಲ್ಲವೋ ಎಂದು ಕೇಳುವವರಿಗೆ ಬೇರೆ ಉತ್ತರ ಬೇಕಾಗಿಲ್ಲ.

ಏಣಗಿ ಬಾಳಪ್ಪನವರನ್ನು ಬಿಟ್ಟು ಬೆಳಗಾವಿ ಸೀಮೆಯ ನಾಟಕದ ಮಾತು ಪೂರ್ಣವಾಗ
ದು. 1914ರಲ್ಲಿ ಸವದತ್ತಿ ತಾಲೂಕಿನ ಏಣಗಿಯ ರೈತರ ಮನೆಯಲ್ಲಿ ಹುಟ್ಟಿದ ಇವರು ಹುಡುಗರಾಗಿದ್ದಾಗ ಸ್ತ್ರೀಪಾತ್ರಗಳಿಂದ ಆರಂಭಿಸಿ, ಮುಂದೆ ‘ಕಲಾವೈಭವ ನಾಟ್ಯ ಸಂಘ’ದ ಮಾಲಕರಾಗಿ ಊರೂರಿಗೆ ಕ್ಯಾಂಪು ಹಾಕಿದರು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರು ಬಸವಣ್ಣನಾಗಿ ಬಂದು ನಿಂತರೆ ಜನ ಎದ್ದು ಕೈ ಮುಗಿಯುತ್ತಿದ್ದರೆಂದು ನೋಡಿದವರು ಹೇಳುತ್ತಾರೆ. ನೂರಾ ಮೂರು ವರ್ಷ ಬಾಳಿ 2017ರಲ್ಲಿ ಅವರು ಕಾಲವಾದರು.

ಕಂಪನಿಗಳು ದೊಡ್ಡ ಊರಿಗೆ ಬರುತ್ತಿದ್ದವು. ಸಣ್ಣ ಹಳ್ಳಿಗಳಲ್ಲಿ ಜಾತ್ರೆಯ ನಾಟಕವನ್ನು ಊರ ಹುಡುಗರೇ ಆಡಬೇಕು. ಇದರ ಏರ್ಪಾಡು ಒಂದು ಮದುವೆಗಿಂತ ಕಡಿಮೆಯದಲ್ಲ. ಸುಗ್ಗಿ ಮುಗಿದ ಮೇಲೆ ನಾಟಕದ ಮಾಸ್ತರರನ್ನು ಕರೆಸಿ ಊರಲ್ಲಿ ಇಟ್ಟುಕೊಳ್ಳುವುದು, ಅವರಿಗೆ ಸರದಿಯ ಮೇಲೆ ಮನೆಮನೆಯ ಊಟ. ಪೇಟಿ ನುಡಿಸುವವರೂ ಸಾಮಾನ್ಯವಾಗಿ ಅವರೇ. ಹಗಲೆಲ್ಲ ಹೊಲದಲ್ಲಿ ದುಡಿದ ಹುಡುಗರು ರಾತ್ರಿ ಗುಡಿಯ ಪೌಳಿಯಲ್ಲಿಯೋ ಸಾಲಿಯ ಪಡಸಾಲೆಯಲ್ಲಿಯೋ ತಾಲೀಮಿಗೆ ಕೂಡುವುದು. ಓದು ಬಾರದವನಿಗೆ ಇನ್ನೊಬ್ಬನು ಓದಿ ಹೇಳಿ ಮಾತು ಬಾಯಿಪಾಠ ಮಾಡಿಸುವುದು. ಕನ್ನಡ ಅಕ್ಷರ ಬಾರದ ಹುಡುಗರು ಕನ್ನಡದ ಮಾತನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಕಲಿಯುವುದೂ ಗಡಿಯ ಊರುಗಳಲ್ಲಿ ಉಂಟು. ಪಾತ್ರ ಹಂಚುವಾಗ ಮಾತ್ರ ಪ್ರತಿ ಸಲ ಜಗಳ. ದುರ್ಯೋಧನನಾಗಲು ನಾಲ್ಕು ಜನ, ವಿದುರನಾಗಲು ಒಬ್ಬನೂ ಇಲ್ಲ.

ಖರ್ಚಿನ ಬಾಬುಗಳು ಇಂತಿವೆ: ಪರದೆ ಮತ್ತು ಸೀನರಿಯ ಬಾಡಿಗೆ, ಡ್ರೆಸ್ಸಿನ ಬಾಡಿಗೆ, ತಬಲಾದವರು, ಬಣ್ಣ ಹಚ್ಚುವವರು, ಅಟ್ಟ ಕಟ್ಟಲು ಕಟ್ಟಿಗೆ ಮತ್ತು ಹಲಗೆ, ಮೊದಲಿನ ಕಾಲಕ್ಕೆ ಗ್ಯಾಸಬತ್ತಿ, ಆಮೇಲೆ ಮೈಕು ಮತ್ತು ಲೈಟು, ಹ್ಯಾಂಡಬಿಲ್ಲು. ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ನಾಟಕದ ಹೆಸರಿನಲ್ಲಿ ಒಂದು ಬೇರೆ ಪುಟವೇ ಇರುತ್ತಿತ್ತು. ಸಕ್ಕರೆ, ಚಹಾಪುಡಿ, ಸೀಮೆಎಣ್ಣೆ, ಬೀಡಿ, ಬಣ್ಣ ಒರೆಸಿ ತೆಗೆಯಲು ಕೊಬ್ಬರಿಎಣ್ಣೆ. ಆ ಪುಟ ಚುಕ್ತಾ ಆಗುವುದು ನಾಟಕದ ರಾತ್ರಿಯ ಆಹೇರಿನ ಮೇಲೆ. ಆಟದ ನಡುವೆ ಪರದೆ ಬಿಟ್ಟು ಇಂಥವರಿಂದ ಇಂಥ ಪಾತ್ರಧಾರಿಗೆ ಇಷ್ಟು ರೂಪಾಯಿ ಎಂದು ಮೈಕಿನಲ್ಲಿ ಕೂಗುವ ಈ ಪದ್ಧತಿಯಿಂದ ಕಥೆಯ ರಸ ಕೆಡುತ್ತದೆಂದು ತಿಳಿದವರು ಬೈಯುತ್ತಾರೆ. ಬೈಗಳು ಸರಿ. ಆದರೆ ಆಹೇರು ನಿಂತರೆ ನಾಟಕವೂ ನಿಲ್ಲುತ್ತದೆ.

ಎಲ್ಲಕ್ಕೂ ದೊಡ್ಡ ಬಾಬು ಸ್ತ್ರೀಪಾತ್ರದ್ದು. ಊರ ಹೆಣ್ಣುಮಕ್ಕಳು ಬಣ್ಣ ಹಚ್ಚುವ ರೂಢಿ ಇಲ್ಲವಾದ್ದರಿಂದ ಹೊರಊರಿನ ವೃತ್ತಿ ಕಲಾವಿದೆಯರನ್ನು ಮುಂಗಡ ಕೊಟ್ಟು ಕರೆಸಬೇಕು. ಜಾತ್ರೆಯ ಸೀಜನ್ನಿನಲ್ಲಿ ಅವರಿಗೆ ಒಂದು ರಾತ್ರಿಯೂ ಬಿಡುವಿಲ್ಲ. ನಿನ್ನೆ ಒಂದು ಊರಿನಲ್ಲಿ ದ್ರೌಪದಿ, ಇಂದು ಇನ್ನೊಂದು ಊರಿನಲ್ಲಿ ಗರತಿ ಸೊಸೆ, ನಾಳೆ ಮತ್ತೊಂದು ಕಡೆ ಹಾಸ್ಯಪಾತ್ರದವನ ಬಾಯಿಬಡಕ ಹೆಂಡತಿ. ನಡುವೆ ಬಸ್ಸಿನಲ್ಲಿಯೇ ನಿದ್ದೆ. ಊರ ಹುಡುಗ ಮಾತು ಮರೆತು ಬೆವರಿದಾಗ ಅವನ ಮಾತನ್ನೂ ತಾವೇ ಪ್ರಶ್ನೆಯಾಗಿ ಹಾಕಿ ಸನ್ನಿವೇಶ ದಾಟಿಸುವವರು ಅವರು. ರಂಗದ ಮೇಲೆ ಸೀತೆಯೆಂದು ಕೈ ಮುಗಿದ ಮಂದಿಯೇ ಬೆಳಗಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಬೇರೆ ಕಣ್ಣಿನಿಂದ ನೋಡಿದ್ದುಂಟು. ಇದನ್ನು ದೇವಸ್ಥಾನದ ಪುಸ್ತಕದಲ್ಲಿ ಬರೆಯಬಾರದೆಂದೇನೂ ಇಲ್ಲ. ಜಾತ್ರೆಯ ವೈಭವದ ಪಾಲಿನಲ್ಲಿ ಅವರ ದುಡಿಮೆಯೂ ಇದೆ.

ಹಳ್ಳಿಯ ರಂಗಕ್ಕೆ ಪುರಾಣ ಕೊಟ್ಟವರಲ್ಲಿ ಕಂದಗಲ್ಲ ಹನುಮಂತರಾಯರು ಮುಖ್ಯರು. 1896ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡ ಇವರ ‘ರಕ್ತರಾತ್ರಿ’ ಉತ್ತರ ಕರ್ನಾಟಕದ ಯಾವ ಹಳ್ಳಿಗೂ ಹೊಸದಲ್ಲ. ಕುರುಕ್ಷೇತ್ರದ ಕೊನೆಯ ರಾತ್ರಿ, ಅಶ್ವತ್ಥಾಮನ ಸೇಡು. ಅದರ ಮಾತುಗಳು ಎಷ್ಟು ಗಟ್ಟಿ ಎಂದರೆ ನಟ ಹೇಳುವ ಮೊದಲೇ ಮುಂದೆ ಕುಳಿತವರು ತುಟಿ ಅಲುಗಿಸುತ್ತಾರೆ. ಸಾಮಾಜಿಕ ನಾಟಕಗಳಲ್ಲಿ ಪಿ.ಬಿ. ಧುತ್ತರಗಿಯವರ ಹೆಸರು ಹಾಗೆಯೇ. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಸಿನೇಮಾ ಆಗಿ ಎಲ್ಲರಿಗೂ ಗೊತ್ತಾಯಿತು. ಹಳ್ಳಿಯವರು ಅದನ್ನು ಮೊದಲೇ ಅಟ್ಟದ ಮೇಲೆ ನೋಡಿದ್ದರು. ಸಿರಿವಂತನ ಸೊಕ್ಕು, ಬಡವನ ಸಿಟ್ಟು, ನಡುವೆ ನಗೆ, ಇದನ್ನು ಹದವಾಗಿ ಕಲಸುವ ಕೈ ಅವರದು.

ಹದ ತಪ್ಪಿದ ಕಾಲವೂ ಬಂತೆಂಬುದನ್ನು ಮುಚ್ಚಿಡಬಾರದು. 1987 ಮತ್ತು 1988ರಲ್ಲಿ ದೂರದರ್ಶನದ ‘ರಾಮಾಯಣ’ ಪ್ರತಿ ರವಿವಾರ ಮನೆಯೊಳಗೇ ರಾಮನನ್ನು ತಂದಿತು. ಟಿ.ವಿ.ಗೆ ಹೂ ಏರಿಸಿದ ಜನ ಅಟ್ಟದ ಮೇಲಿನ ರಾಮನ ಕಿರೀಟದ ಬೇಗಡೆಯನ್ನು ನೋಡಿ ಮೂಗು ಮುರಿಯಹತ್ತಿದರು. ಕಂಪನಿಗಳಿಗೆ ಪುರಾಣದ ಖರ್ಚು ಗಿಟ್ಟದಾಯಿತು. ಅವು ಹಾಸ್ಯಕ್ಕೆ ಜೋತುಬಿದ್ದವು, ಹಾಸ್ಯ ಎರಡರ್ಥದ ಮಾತಿಗೆ ಜೋತುಬಿದ್ದಿತು. ಹ್ಯಾಂಡಬಿಲ್ಲಿನ ಮೇಲಿನ ಹೆಸರು ಓದಲಿಕ್ಕೂ ನಾಚಿಕೆಯಾಗುವಂತಾಯಿತು. ಮೊದಲು ಅಜ್ಜಿಯರು ಎದ್ದು ಹೋದರು, ಆಮೇಲೆ ತಾಯಂದಿರು, ಅವರ ಹಿಂದೆ ಮಕ್ಕಳು. ಗಂಡಸರು ಮಾತ್ರ ಕುಳಿತ ನಾಟಕಕ್ಕೆ ಪಟ್ಟಿ ಕೊಡಲು ಮನೆಯ ಯಜಮಾನಿ ಒಪ್ಪಲಿಲ್ಲ. ವ್ಯಾಪಾರದಲ್ಲಿ ಕಲಬೆರಕೆ ಮಾಡಿದವನಿಗೆ ಮೊದಲ ವರ್ಷ ಲಾಭ ಕಾಣುತ್ತದೆ, ಗಿರಾಕಿ ಕಡಿಮೆಯಾದದ್ದು ಆಮೇಲೆ ತಿಳಿಯುತ್ತದೆ. ಹಾಸ್ಯ ಗುಡಿಯ ಮುಂದೆ ಬೇಡವೆಂದು ಹಿರಿಯರು ಹೇಳುವುದು ಈ ಕಾಲವನ್ನು ಕಂಡು. ಪಾರಿಜಾತದ ದೂತಿಯನ್ನಾಗಲಿ, ಸೌಭದ್ರದ ಬಲರಾಮನನ್ನಾಗಲಿ ಅವರಾರೂ ಬೇಡವೆಂದವರಲ್ಲ. ಕೆಲವು ಊರುಗಳು ನಾಟಕವನ್ನೇ ಬಿಟ್ಟು ಆರ್ಕೆಸ್ಟ್ರಾ ತಂದವು. ಆರ್ಕೆಸ್ಟ್ರಾದವರು ಒಂದು ರಾತ್ರಿಯಲ್ಲಿ ಬಂದು ಹೋಗುತ್ತಾರೆ. ಎರಡು ತಿಂಗಳ ತಾಲೀಮಿನಲ್ಲಿ ಬೇರೆ ಬೇರೆ ಓಣಿಯ ಹುಡುಗರು ಒಂದೇ ಕಂದೀಲಿನ ಕೆಳಗೆ ಕೂಡ್ರುತ್ತಿದ್ದರಲ್ಲ, ಅದು ಬರೇ ಹಾಡು ತರಿಸಿದರೆ ಬರುವುದಿಲ್ಲ.

2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದಲ್ಲಿ ಕೇಶವರಾವ ಭೋಸಲೆ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಶಾಹೂ ಮಹಾರಾಜರು ಕಟ್ಟಿಸಿ 1915ರಲ್ಲಿ ತೆರೆದ ‘ಪ್ಯಾಲೇಸ್ ಥಿಯೇಟರ’ ಅದು. ಮರುದಿನವೇ ಕೇಶವರಾಯರ ಹುಟ್ಟಿದ ದಿನ. ಸುಟ್ಟ ಗೋಡೆಗಳ ಮುಂದೆ ನಿಂತು ವಯಸ್ಸಾದ ಕಲಾವಿದರು ಕಣ್ಣೀರಿಟ್ಟರು, ಮತ್ತೆ ಕಟ್ಟಲೇಬೇಕೆಂದು ನಗರವೆಲ್ಲ ಒಂದಾಯಿತು. ಕೊಲ್ಹಾಪುರದಲ್ಲಿ ಸುಟ್ಟರೆ ಎಲ್ಲರಿಗೂ ಕಾಣುತ್ತದೆ. ಹಳ್ಳಿಯ ಅಟ್ಟ ಕಟ್ಟುವುದನ್ನು ಬಿಟ್ಟರೆ ಹೊಗೆಯೂ ಏಳುವುದಿಲ್ಲ.

ಆದರೂ ‘ರಕ್ತರಾತ್ರಿ’ ಇನ್ನೂ ಆಡುತ್ತಾರೆ. ಪಾರಿಜಾತದ ಮೇಳಗಳಿಗೆ ಇನ್ನೂ ವೀಳ್ಯ ಹೋಗುತ್ತದೆ. ಜಾತ್ರೆಯ ನಾಟಕ ಮುಗಿಯುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ. ಬಣ್ಣ ಅಳಿಸದೆಯೇ ಎಲ್ಲ ಪಾತ್ರಧಾರಿಗಳು, ಸತ್ತ ದುರ್ಯೋಧನನೂ ಎದ್ದು ಬಂದು, ಸಾಲಾಗಿ ನಿಂತು ಮಂಗಲ ಹಾಡುತ್ತಾರೆ. ಆರತಿ ತಟ್ಟೆಯನ್ನು ಹಿಡಿದು ಮಂದಿಯ ನಡುವೆ ಇಳಿಯುವವನು ಹೆಚ್ಚಾಗಿ ಹಾಸ್ಯಪಾತ್ರದವನೇ. ಅವನಿಗೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.